‘ಐ ವಾಂಟ್ ಹಿಮ್ ಟು ಕಮ್’: ನಡುವೆ ಕೂತ ಆ ‘ಹಿಮ್’ ಬಗ್ಗೆ

‘ಅವನು ನಾಳೆ ಬರಬೇಕು ಅಂತ ನನ್ನ ಆಸೆ.’ ಇದನ್ನ ಇಂಗ್ಲಿಷಲ್ಲಿ ಹೇಳಿ ಅಂದರೆ ನಮ್ಮಲ್ಲಿ ಬಹಳ ಜನ ‘ಐ ವಾಂಟ್ ದಟ್ ಹಿ ಶುಡ್ ಕಮ್ ಟುಮಾರೊ’ ಅನ್ನುತ್ತಾರೆ. ಚೆನ್ನಾಗಿ ಓದಿದವರೂ ಅನ್ನುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ‘ಅಂತ’ ಇದ್ದ ಕಡೆ ‘ದಟ್’ ಇಟ್ಟರು, ‘ಬೇಕು’ ಇದ್ದ ಕಡೆ ‘ಶುಡ್’ ಇಟ್ಟರು, ಲೆಕ್ಕ ಸರಿಯಾಗೇ ಇದೆ. ಆದರೆ ಇಂಗ್ಲಿಷಿನವರು ಹೇಳೋದು ‘ಐ ವಾಂಟ್ ಹಿಮ್ ಟು ಕಮ್’ ಅಂತ. ಅದರಲ್ಲಿ ‘ಅಂತ’ ಇಲ್ಲ. ಬರುವವನು ಅವನೇ ಆದರೂ ಅವನಿಗೆ ‘ಹಿ’ ಅನ್ನೋ ಪಟ್ಟ ಇಲ್ಲ, ‘ಹಿಮ್’ ಆಗಿ ಎರಡು ಕ್ರಿಯಾಪದಗಳ ನಡುವೆ ಕೂತಿದ್ದಾನೆ.

ಬಯಸುವವರೂ ಮಾಡುವವರೂ ಒಬ್ಬರೇ ಆಗಿದ್ದರೆ ತೊಂದರೆ ಇಲ್ಲ. ‘ಐ ವಾಂಟ್ ಟು ಗೋ’ ಎಲ್ಲರಿಗೂ ಬರುತ್ತೆ. ‘ಐ ವಾಂಟ್ ಮಿ ಟು ಗೋ’ ಅಂತ ಯಾರೂ ಅನ್ನೋದಿಲ್ಲ. ಇಬ್ಬರು ಬೇರೆ ಬೇರೆ ಆದಾಗಲೇ ಎಡವಟ್ಟು. ಕನ್ನಡದಲ್ಲಿ ‘ನಾನು ಹೋಗಬೇಕು’, ‘ಅವನು ಹೋಗಬೇಕು’ ಎರಡೂ ಒಂದೇ ಅಚ್ಚು. ಹೋಗಬೇಕು ಅನ್ನೋದು ಯಾರ ಇಷ್ಟ, ಅವನದೋ ನಮ್ಮದೋ ಇನ್ನಾರದೋ, ಅದನ್ನ ಆ ಮಾತಿನಲ್ಲಿ ಹೇಳಲೇಬೇಕು ಅಂತಿಲ್ಲ. ಸಂದರ್ಭ ನೋಡಿಕೊಳ್ಳುತ್ತೆ. ಇಂಗ್ಲಿಷಿನ ‘ವಾಂಟ್’ಗೆ ಈ ಧಾರಾಳ ಇಲ್ಲ. ಬಯಸಿದವರ ಹೆಸರು ಮುಂದೆ ಬರಲೇಬೇಕು, ಮಾಡಬೇಕಾದವರು ಅದರ ಹಿಂದೆ.

ಇದನ್ನ ಕಲಿಯೋಕೆ ವ್ಯಾಕರಣದ ಪುಸ್ತಕ ಹುಡುಕೋದು ಬೇಡ. ಶಾಲೆಯಲ್ಲಿ ಬಾಯಿಪಾಠ ಮಾಡಿದ ರಜಾ ಅರ್ಜಿ ನೆನಪಿದೆ ಅಲ್ವಾ? ‘ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್.’ ಕನ್ನಡ ಮೀಡಿಯಂ ಮಕ್ಕಳಿಗೂ ಆ ಸಾಲು ನಿದ್ದೆಗಣ್ಣಲ್ಲಿ ಬರುತ್ತೆ. ಇದೇ ಅಚ್ಚು ಅದು. ‘ರಿಕ್ವೆಸ್ಟ್’ ತೆಗೆದು ‘ವಾಂಟ್’, ‘ಆಸ್ಕ್’, ‘ಟೆಲ್’, ‘ಎಕ್ಸ್‌ಪೆಕ್ಟ್’, ‘ಅಲೋ’, ‘ಅಡ್ವೈಸ್’, ‘ರಿಮೈಂಡ್’ ಯಾವುದನ್ನ ಬೇಕಾದರೂ ಇಡಿ, ವಾಕ್ಯ ನಿಲ್ಲುತ್ತೆ. ಆದರೆ ಅರ್ಜಿಯಲ್ಲಿ ಒಂದು ವಿಷಯ ಅಡಗಿಹೋಗಿದೆ. ‘ಯು’ ಕರ್ತೃವಾದರೂ ‘ಯು’, ಕರ್ಮವಾದರೂ ‘ಯು’. ರೂಪ ಬದಲಾಗೋದೇ ಇಲ್ಲ, ಹಾಗಾಗಿ ನಡುವೆ ಬಂದ ಸರ್ವನಾಮ ವೇಷ ಬದಲಿಸುತ್ತೆ ಅನ್ನೋದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಹೆಡ್‌ಮಾಸ್ಟರಿಗೆ ಬರೆಯೋ ಬದಲು ಹೆಡ್‌ಮಾಸ್ಟರ್ ಬಗ್ಗೆ ಬರೆಸಿದ್ದರೆ ‘ಐ ರಿಕ್ವೆಸ್ಟೆಡ್ ಹಿಮ್ ಟು ಗ್ರಾಂಟ್’ ಅಂತ ಬರೆದು ‘ಹಿಮ್’, ‘ಹರ್’, ‘ದೆಮ್’ ಎಲ್ಲ ಆಗಲೇ ಕೈಗೆ ಹತ್ತುತ್ತಿತ್ತು.

ಇನ್ನು ಆ ‘ಟು’. ಇಲ್ಲಿ ನಮಗೆ ನಿಜವಾಗಿ ಅನುಕೂಲ ಇದೆ, ಯಾರೂ ಹೇಳಿಕೊಡೋದಿಲ್ಲ ಅಷ್ಟೇ. ‘ಅವನಿಗೆ ಬರೋಕೆ ಹೇಳು’ ಅನ್ನಿ. ‘ಟೆಲ್ ಹಿಮ್ ಟು ಕಮ್.’ ಅವನಿಗೆ ಎದುರು ಹಿಮ್, ಬರೋಕೆ ಎದುರು ಟು ಕಮ್, ಜೋಡಿ ಪಕ್ಕಾ. ಬರೋಕೆ ಅಂದರೆ ಬರುವುದಕ್ಕೆ. ಅದರ ಕೊನೆಯ ‘ಕ್ಕೆ’ ಬೇರೇನೂ ಅಲ್ಲ, ಮರಕ್ಕೆ, ಊರಿಗೆ, ಮನೆಗೆ ಅನ್ನುವಾಗ ಬರೋ ಚತುರ್ಥಿ ವಿಭಕ್ತಿಯೇ. ಇಂಗ್ಲಿಷಿನ ‘ಟು’ ಕೂಡ ಹಾಗೇ, ‘ಟು ಮೈಸೂರು’ ಅನ್ನೋ ‘ಟು’, ‘ಟು ಕಮ್’ ಅನ್ನೋ ‘ಟು’ ಮೂಲದಲ್ಲಿ ಒಂದೇ. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಕುಡಿ ಅನ್ನೋದಕ್ಕೆ ‘ಡ್ರಿಂಕನ್’ ಅಂತ ಒಂದು ರೂಪ ಇತ್ತು, ‘ಟು’ ಬಂದಾಗ ಅದಕ್ಕೆ ವಿಭಕ್ತಿಯ ಬಾಲ ಅಂಟಿ ‘ಟೋ ಡ್ರಿಂಕನ್ನೆ’ ಆಗುತ್ತಿತ್ತು, ಹೆಚ್ಚುಕಮ್ಮಿ ನಮ್ಮ ಕುಡಿಯೋಕೆ. ಕಾಲ ಕಳೆದಂತೆ ಬಾಲಗಳು ಸವೆದುಹೋದವು, ಮುಂದಿನ ‘ಟು’ ಮಾತ್ರ ಉಳಿಯಿತು. ಒಂದಕ್ಕೊಂದು ನಂಟೇ ಇಲ್ಲದ ಎರಡು ಭಾಷೆ ಒಂದೇ ದಾರಿ ಹಿಡಿದಿವೆ ನೋಡಿ, ನನಗಂತೂ ಇದು ಭಾರಿ ಖುಷಿ ಕೊಡೋ ವಿಷಯ.

‘ಬರೋಕೆ’ ಕಾಲಕ್ಕೆ ತಕ್ಕಂತೆ ಬದಲಾಗೋದಿಲ್ಲ. ನಿನ್ನೆ ಬರೋಕೆ ಹೇಳಿದೆ, ನಾಳೆ ಬರೋಕೆ ಹೇಳುತ್ತೇನೆ. ‘ಟು ಕಮ್’ ಕೂಡ ಅಷ್ಟೇ. ‘ಶಿ ವಾಂಟೆಡ್ ಹಿಮ್ ಟು ಕಮ್’ ಅಂದಾಗ ಭೂತಕಾಲದ ಭಾರ ಪೂರ್ತಿ ‘ವಾಂಟೆಡ್’ ಮೇಲೆ. ‘ಟು ಕೇಮ್’ ಅಂತ ಬರೆಯುವವರು ಒಮ್ಮೆ ‘ಬಂದೋಕೆ’ ಅಂತ ಬಾಯಿಬಿಟ್ಟು ಹೇಳಿ ನೋಡಲಿ.

ಆದರೆ ಕೆಲವು ಕ್ರಿಯಾಪದಗಳಿಗೆ ‘ಟು’ ಕಂಡರೆ ಆಗೋದಿಲ್ಲ. ಲೆಟ್, ಮೇಕ್, ಸೀ, ಹಿಯರ್. ‘ಲೆಟ್ ಹಿಮ್ ಗೋ’, ‘ಐ ಸಾ ಹರ್ ಲೀವ್’. ‘ಹೆಲ್ಪ್’ ಎರಡಕ್ಕೂ ಸೈ. ನಮ್ಮವರ ಕೈ ಜಾರೋದು ‘ದೆ ಮೇಡ್ ಮಿ ಟು ವೇಟ್’ ಅನ್ನೋ ಕಡೆ. ಕನ್ನಡದಲ್ಲಿ ಸುಮ್ನೆ ‘ಕಾಯಿಸಿದರು’ ಅಂದರೆ ಮುಗೀತು, ಒಂದೇ ‘ಇಸು’ ಇಡೀ ಕೆಲಸ ಮಾಡುತ್ತೆ, ಹಾಗಾಗಿ ಅಲ್ಲಿ ‘ಟು’ ಬೇಕೋ ಬೇಡವೋ ಅನ್ನೋದಕ್ಕೆ ಕನ್ನಡದಿಂದ ಸುಳಿವು ಸಿಗೋದಿಲ್ಲ. ಅದರ ಮೇಲೆ ವಾಕ್ಯ ಕರ್ಮಣಿ ಆದರೆ ‘ಟು’ ವಾಪಸ್ ಬರುತ್ತೆ: ‘ಐ ವಾಸ್ ಮೇಡ್ ಟು ವೇಟ್’. ಹೀಗಿರುವಾಗ ಗೊಂದಲ ಆಗದೆ ಇರುತ್ತಾ? ನನ್ನ ಕೇಳಿದರೆ ಇದು ಮಹಾಪರಾಧವೇನಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್‌ನ 23ನೇ ಕೀರ್ತನೆಯಲ್ಲೇ ‘ಹಿ ಮೇಕೆತ್ ಮಿ ಟು ಲೈ ಡೌನ್’ ಅಂತ ಇದೆ. ಆಗ ನಡೆಯುತ್ತಿತ್ತು, ಈಗ ನಡೆಯೋದಿಲ್ಲ, ಅಷ್ಟೇ.

ನನಗೆ ಕಿರಿಕಿರಿ ಆಗೋದು ‘ಹಿ ಸೆಡ್ ಮಿ ಟು ಕಮ್’ ಮತ್ತು ‘ಶಿ ಸಜೆಸ್ಟೆಡ್ ಮಿ ಟು ಜಾಯಿನ್’. ಮೊದಲನೆಯದರ ಮೂಲ ಗೊತ್ತೇ ಇದೆ, ‘ಸೇ’, ‘ಟೆಲ್’ ಎರಡಕ್ಕೂ ನಮ್ಮ ಹತ್ತಿರ ಇರೋದು ಒಂದು ‘ಹೇಳು’. ‘ಸಜೆಸ್ಟ್’ ಕಥೆ ತಮಾಷೆಯದು. ಅಲ್ಲಿ ‘ದಟ್’ ಇಡಬಹುದು: ‘ಶಿ ಸಜೆಸ್ಟೆಡ್ ದಟ್ ಐ ಜಾಯಿನ್’. ಅಂದರೆ ನಮ್ಮ ‘ಅಂತ’ ಇಲ್ಲಿ ಸಲೀಸಾಗಿ ಕೂರುತ್ತೆ, ನಾವು ಮಾತ್ರ ‘ವಾಂಟ್’ ಹಿಂದೆ ಬೇಡದ ಕಡೆ ಅದನ್ನ ತುರುಕಿ, ಬೇಕಾದ ಕಡೆ ಕೈಬಿಡುತ್ತೇವೆ. ‘ಹೋಪ್’ ಕೂಡ ಇದೇ ಜಾತಿ. ‘ಐ ಹೋಪ್ ಹಿಮ್ ಟು ಕಮ್’ ನಡೆಯೋದಿಲ್ಲ, ‘ಐ ಹೋಪ್ ಹಿ ಕಮ್ಸ್’ ಅನ್ನಬೇಕು. ‘ವಾಂಟ್’ಗೆ ಹಿಮ್, ‘ಹೋಪ್’ಗೆ ಹಿ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ, ರೂಢಿ. ನಿಯಮದ ಪಟ್ಟಿ ಉರು ಹೊಡೆಯೋದಕ್ಕಿಂತ ಕ್ರಿಯಾಪದವನ್ನ ಅದರ ಜೊತೆಗಾರರ ಸಮೇತ ಕಲಿಯೋದೇ ವಾಸಿ.

ಕೊನೆಗೆ ಒಂದು ವಿಚಿತ್ರ. ‘ಐ ಟೋಲ್ಡ್ ಹರ್ ಟು ಪೇ’, ‘ಐ ಪ್ರಾಮಿಸ್ಡ್ ಹರ್ ಟು ಪೇ’. ನೋಡೋಕೆ ಅವಳಿಜವಳಿ. ಮೊದಲನೆಯದರಲ್ಲಿ ದುಡ್ಡು ಕೊಡಬೇಕಾದವಳು ಅವಳು, ಎರಡನೆಯದರಲ್ಲಿ ನಾನು! ಕನ್ನಡದಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ‘ಕೊಡೋಕೆ ಹೇಳಿದೆ’ ಒಂದು, ‘ಕೊಡ್ತೀನಿ ಅಂತ ಮಾತು ಕೊಟ್ಟೆ’ ಇನ್ನೊಂದು. ಕೊಡ್ತೀನಿ ಅನ್ನೋದರ ‘ಈನಿ’ ಸಾಕು, ಜೇಬು ಯಾರದು ಅಂತ ಗೊತ್ತಾಗುತ್ತೆ. ಇಂಗ್ಲಿಷಿನವರಿಗೂ ‘ಪ್ರಾಮಿಸ್ಡ್ ಹರ್ ಟು’ ಅಷ್ಟೊಂದು ಹಿತ ಅಲ್ಲ, ಮಾತಲ್ಲಿ ‘ಐ ಪ್ರಾಮಿಸ್ಡ್ ಹರ್ ಐ ವುಡ್ ಪೇ’ ಅನ್ನೋದೇ ಸಲೀಸು. ಅಲ್ಲಿ ನೀವು ಧೈರ್ಯವಾಗಿ ‘ಅಂತ’ ಮನಸ್ಸಲ್ಲಿಟ್ಟುಕೊಂಡೇ ಮಾತಾಡಬಹುದು.