ಪುಷ್ಯ ಮಳೆಯ ರಾತ್ರಿ, ಸ್ಪಾ ಟ್ರ್ಯಾಕಿನಲ್ಲಿ

ಹನ್ನೆರಡು ಗಂಟೆ ಕಾಲ ನಡೆಯುವ ಆನ್‌ಲೈನ್ ರೇಸಿನಲ್ಲಿ ಕಾರು ಯಾರೊಬ್ಬರ ಸ್ವತ್ತೂ ಅಲ್ಲ. ನಮ್ಮ ಪಾಳಿ ಮುಗಿಯುವವರೆಗೆ ಅದು ನಮ್ಮ ಕೈಯಲ್ಲಿರುತ್ತದೆ. ಆಮೇಲೆ ಮುಂದಿನವರಿಗೆ ಒಪ್ಪಿಸಬೇಕು, ಅದೂ ಎಲ್ಲೂ ಜಜ್ಜಿಹೋಗದ ಹಾಗೆ. "ಆನ್‌ಲೈನ್ ರೇಸಿಂಗ್ ಅಂದ್ರೆ ಗೇಮ್ ತಾನೆ?" ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಬ್ಬನೇ ಆಡುವ ಆಟದಲ್ಲಿ ಕಾರು ಗೋಡೆಗೆ ಬಡಿದರೆ ಮತ್ತೆ ಶುರು ಮಾಡಬಹುದು. ಇಲ್ಲಿ ಬಡಿದರೆ, ಅಲಾರಾಂ ಇಟ್ಟುಕೊಂಡು ಮಲಗಿರುವ ಇನ್ನೊಬ್ಬನ ರಾತ್ರಿಯೂ ಹಾಳಾಗುತ್ತದೆ.

ನಮ್ಮ ತಂಡದಲ್ಲಿ ಮೂವರು. ನಾನು ಚಿಕ್ಕಮಗಳೂರಿನವನು, ಮನೆ ಹಿರೇಮಗಳೂರಿನಲ್ಲಿ. ಒಬ್ಬ ಹಾಸನದ ಪಾಲಿಟೆಕ್ನಿಕ್ ಹುಡುಗ, ನನ್ನನ್ನು ಅಣ್ಣ ಅನ್ನುತ್ತಾನೆ. ಇನ್ನೊಬ್ಬರು ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರು, ನಮ್ಮಿಬ್ಬರಿಗೂ ಮೇಷ್ಟ್ರು. ಮೂವರೂ ಒಂದೇ ಟೇಬಲ್ಲಿಗೆ ಕೂತು ಕಾಫಿ ಕುಡಿದಿದ್ದಿಲ್ಲ. ಆದರೆ ದನಿ ಕೇಳಿದರೆ ಸಾಕು, ಯಾರಿಗೆ ಎಷ್ಟು ಸುಸ್ತಾಗಿದೆ ಎಂದು ಗೊತ್ತಾಗುತ್ತದೆ. ಮೇಷ್ಟ್ರು ದಣಿದರೆ ಮಾತು ಚುಟುಕಾಗುತ್ತದೆ. ಹುಡುಗ ದಣಿದರೆ ಜಾಸ್ತಿ ಮಾತಾಡುತ್ತಾನೆ.

ಆವತ್ತಿನದು ಆನ್‌ಲೈನ್ ರೇಸಿನ ಸಾಫ್ಟ್‌ವೇರ್ ಐರೇಸಿಂಗ್‌ನಲ್ಲಿ ಒಂದು ಲೀಗಿನವರು ಇಟ್ಟಿದ್ದ ರೇಸ್. ನಮ್ಮ ಗಡಿಯಾರದಲ್ಲಿ ಶನಿವಾರ ರಾತ್ರಿ ಎಂಟಕ್ಕೆ ಶುರು, ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಗಿತಾಯ. ಟ್ರ್ಯಾಕ್ ಬೆಲ್ಜಿಯಂನ ಸ್ಪಾ ಫ್ರಾಂಕೊರ್‌ಶಾಂ. ಒಂದು ಸುತ್ತು 7.004 ಕಿಲೋಮೀಟರ್. ಆರ್ಡೆನ್ ಕಾಡಿನ ನಡುವೆ ಏರಿ ಇಳಿಯುವ ದಾರಿ. ಅಲ್ಲಿ 24 ಗಂಟೆಗಳ ನಿಜವಾದ ರೇಸ್ 1924ರಲ್ಲೇ ಶುರುವಾಗಿತ್ತು. ಗುಡ್ಡ, ಕಾಡು, ಹೇಳದೆ ಕೇಳದೆ ಬರುವ ಮಳೆ. ಮಲೆನಾಡಿನವರಿಗೆ ಆ ಜಾಗ ಪರದೇಶ ಅನ್ನಿಸುವುದೇ ಇಲ್ಲ.

ನಮ್ಮ ಜಿಲ್ಲೆಗೆ ಮೋಟಾರ್ ಸ್ಪೋರ್ಟ್ ಹೊಸದೇನಲ್ಲ. ಇಲ್ಲಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರಾಷ್ಟ್ರೀಯ ರ್‍ಯಾಲಿಗಳು ನಡೆದಿವೆ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಕೂಡ ನಡೆದಿದೆ. 2013ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಮೊದಲ ಭಾರತೀಯ ಗೌರವ್ ಗಿಲ್ ಹೆಸರು ಇಲ್ಲಿನ ಹುಡುಗರಿಗೆಲ್ಲ ಗೊತ್ತು. ತೋಟದ ಬೇಲಿ ಪಕ್ಕ ನಿಂತು ರ್‍ಯಾಲಿ ನೋಡುವಾಗ ನನ್ನ ಕಣ್ಣು ಡ್ರೈವರ್‌ಗಿಂತ ಪಕ್ಕದ ಸೀಟಿನವರ ಮೇಲೇ ಇರುತ್ತಿತ್ತು. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಮುಂದಿನ ತಿರುವು ಯಾವುದು, ಎಷ್ಟು ಬಿಗಿ ಎಂದು ಓದಿ ಹೇಳುವ ಕೋ-ಡ್ರೈವರ್. ಡ್ರೈವರ್ ಆ ದನಿಯನ್ನು ನಂಬಿ, ಕಾಣದ ತಿರುವಿಗೆ ಕಾರು ಎಸೆಯುತ್ತಾನೆ. ಟಾರ್ ಟ್ರ್ಯಾಕಿನಲ್ಲಿ ಓಡಿಸಬೇಕು ಎಂದರೆ ಮಾತ್ರ ನಾವು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈಗೋ ಹೋಗಬೇಕು. ಕಾರು, ಟೈರು, ಓಡಾಟದ ಖರ್ಚು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಟೇಬಲ್ಲಿಗೆ ಕಚ್ಚಿಸಿದ ಸ್ಟೀರಿಂಗ್, ಕಾಲಡಿ ಪೆಡಲ್, ಒಂದು ಕಂಪ್ಯೂಟರ್ ಎಟುಕುತ್ತದೆ.

ಪುಷ್ಯ ಮಳೆ ಹಿಡಿದು ಕೂತಿದ್ದ ವಾರ ಅದು. ಆ ದಿನಗಳಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಮಧ್ಯಾಹ್ನವೇ ತಯಾರಿ ಮಾಡಿಕೊಂಡೆ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದೆ. ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಟ್ಟೆ. ಮಾಮೂಲಿ ಮೋಡ್‌ನಲ್ಲಿ ಕರೆಂಟ್ ಹೋದಾಗ ಫ್ಯಾನಿಗೂ ಬಲ್ಬಿಗೂ ಏನೂ ಆಗುವುದಿಲ್ಲ, ಆದರೆ ಕಂಪ್ಯೂಟರ್ ಆ ಚಿಕ್ಕ ಸಂದನ್ನೂ ತಡೆಯದೆ ರೀಸ್ಟಾರ್ಟ್ ಆಗಿಬಿಡಬಹುದು. ಇಂಟರ್ನೆಟ್ ಡಬ್ಬಿಗೆ ಬೇರೆಯೇ ಒಂದು ಚಿಕ್ಕ ಯುಪಿಎಸ್. ಪಕ್ಕದಲ್ಲಿ ಫುಲ್ ಚಾರ್ಜ್ ಆದ ಫೋನು, ಹಾಟ್‌ಸ್ಪಾಟ್‌ಗೆ. ಅಮ್ಮ ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು, "ಚಾದರ ಹೊದ್ಕೊಂಡು ಕೂತ್ಕೊಳೋ, ಥಂಡಿ ಇದೆ" ಅಂದು ಮಲಗಿದರು.

ಮೊದಲ ಪಾಳಿ ಮೇಷ್ಟ್ರದ್ದು, ಆಮೇಲೆ ಹುಡುಗನದ್ದು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಇಬ್ಬರೂ ಅಚ್ಚುಕಟ್ಟಾಗಿ ಓಡಿಸಿದರು. ಒಂದು ಟ್ಯಾಂಕ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಗಂಟೆ. ಎರಡು ಟ್ಯಾಂಕಿಗೆ ಒಬ್ಬ ಡ್ರೈವರ್. ನಡುರಾತ್ರಿ ಹನ್ನೆರಡು ದಾಟಿದ ಮೇಲೆ ಹುಡುಗ ಪಿಟ್ಟಿಗೆ, ಅಂದರೆ ಪೆಟ್ರೋಲು ತುಂಬಿಸಿ ಟೈರು, ಡ್ರೈವರ್ ಬದಲಿಸುವ ಜಾಗಕ್ಕೆ ಬಂದ. "ಅಣ್ಣ, ಟಿಸಿ ಒಂದು ಜಾಸ್ತಿ ಮಾಡಿದೀನಿ. ಪೂಓನ್‌ನಲ್ಲಿ ಹಿಂದ್ಗಡೆ ಸ್ವಲ್ಪ ಜಾರ್ತದೆ, ಹುಷಾರು. ಬ್ರೇಕು ಚೆನ್ನಾಗಿದೆ." ಟಿಸಿ ಅಂದರೆ ಟ್ರ್ಯಾಕ್ಷನ್ ಕಂಟ್ರೋಲ್, ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ. ಪೂಓನ್ ಸ್ಪಾದ ಒಂದು ತಿರುವು. ಅವನು ಇಳಿದ, ನಾನು ಡ್ರೈವ್ ಬಟನ್ ಒತ್ತಿದೆ. ಕಾರು ಅದೇ, ಟೈರು ಹೊಸದು, ಕೈ ನನ್ನದು.

ರಾತ್ರಿಯ ಸ್ಪಾ ಬೇರೆಯೇ ಟ್ರ್ಯಾಕು. ಹಗಲಲ್ಲಿ ತಿರುವಿಗೆ ಕಣ್ಣು ಮೊದಲು ಹೋಗುತ್ತದೆ, ಕಾರು ಹಿಂದೆ ಬರುತ್ತದೆ. ರಾತ್ರಿ ಹಾಗಾಗುವುದಿಲ್ಲ. ಹೆಡ್‌ಲೈಟು ಕಾರಿನ ಮೂತಿ ಯಾವ ಕಡೆಗಿದೆಯೋ ಆ ಕಡೆಗೇ ಬೀಳುತ್ತದೆ. ಪೂಓನ್ ಇಳಿಜಾರಿನಲ್ಲಿ ಎಡಕ್ಕೆ ಸುತ್ತುವ ಉದ್ದನೆಯ ವೇಗದ ತಿರುವು. ಬೆಳಕು ಬಲಗಡೆ ಟ್ರ್ಯಾಕಿನ ಆಚೆ ಬಿದ್ದಿರುತ್ತದೆ, ನಾವು ಹೋಗಬೇಕಾದ ಎಡಗಡೆ ಬರೀ ಕತ್ತಲು. ಅಲ್ಲಿ ಕತ್ತಲಿಗೇ ಸ್ಟೀರಿಂಗ್ ತಿರುಗಿಸಬೇಕು. ರಾಡಿಯೋನ್ ದಿಬ್ಬ ಏರುವಾಗ ಬೆಳಕು ಆಕಾಶಕ್ಕೆ ಹೋಗಿಬಿಡುತ್ತದೆ, ದಿಬ್ಬದ ಆಚೆ ಯಾರು ತಿರುಗಿ ನಿಂತಿದ್ದಾರೋ ಕಾಣುವುದಿಲ್ಲ. ಕೆಮೆಲ್ ನೇರ ಹಾದಿಯ ಕೊನೆಯಲ್ಲಿ ಬ್ರೇಕ್ ಹಾಕುವ ಗುರುತಿನ ಬೋರ್ಡು ಬೆಳಕಿಗೆ ಸಿಗುವುದು ತೀರಾ ಹತ್ತಿರ ಬಂದ ಮೇಲೆ. ಅದನ್ನು ಕಾಯುತ್ತಾ ಕೂತರೆ ತಡವಾಗುತ್ತದೆ. ಹಾಗಾಗಿ ಕಿವಿ ಕೆಲಸ ಮಾಡಬೇಕು. ಎಂಜಿನ್ ಸದ್ದು ಯಾವ ಎತ್ತರಕ್ಕೆ ಬಂದಾಗ ಕಾಲು ಬ್ರೇಕಿಗೆ ಹೋಗಬೇಕು, ಗೇರ್ ಇಳಿಸುವ ನಡುವಿನ ಲಯ ಎಷ್ಟು, ತಿರುವಿನ ಅಂಚಿನ ಉಬ್ಬು, ಅಂದರೆ ಕರ್ಬ್ ಮೇಲೆ ಟೈರು ಹತ್ತಿದಾಗ ಸ್ಟೀರಿಂಗ್ ಎಷ್ಟು ನಡುಗಬೇಕು. ಇವೆಲ್ಲ ಸರಿಯಾಗಿ ಕೂತ ಮೇಲೆ ಸಿಗುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ನಮ್ಮದು ಜಿಟಿ3 ಕಾರು, ರಸ್ತೆಯ ಸ್ಪೋರ್ಟ್ಸ್ ಕಾರನ್ನು ರೇಸಿಗೆಂದು ಬದಲಿಸಿದ ಕ್ಲಾಸು. ಅದೇ ಟ್ರ್ಯಾಕಿನಲ್ಲಿ ರೇಸಿಗೆಂದೇ ಕಟ್ಟಿದ ಎಲ್‌ಎಂಪಿ2 ಕಾರುಗಳೂ ಓಡುತ್ತಿದ್ದವು. ಅವು ಸುತ್ತಿಗೆ ಹದಿನೈದು ಸೆಕೆಂಡಿಗೂ ಹೆಚ್ಚು ಬೇಗ. ಮಿರರ್‌ನಲ್ಲಿ ಚುಕ್ಕಿಯಂತೆ ಕಂಡ ಬೆಳಕು ಎರಡು ತಿರುವು ದಾಟುವಷ್ಟರಲ್ಲಿ ಬೆನ್ನಿಗೆ ಬಂದಿರುತ್ತದೆ. ಅವರಿಗೆ ದಾರಿ ಬಿಡಲು ಹೋಗಿ ಪಕ್ಕಕ್ಕೆ ಸರಿಯಬಾರದು. ನಮ್ಮ ಗೆರೆ ಹಿಡಿದು ಹೋಗಬೇಕು, ದಾರಿ ಹುಡುಕಿಕೊಳ್ಳುವುದು ವೇಗದ ಕಾರಿನವರ ಜವಾಬ್ದಾರಿ. ಜೊತೆಗೆ ನಮಗೆ ಇನ್ನೊಂದು ತಾಪತ್ರಯ. ಸರ್ವರ್ ಇದ್ದದ್ದು ಯುರೋಪಿನಲ್ಲಿ. ಇಲ್ಲಿಂದ ಪಿಂಗ್, ಅಂದರೆ ಸಂದೇಶ ಅಲ್ಲಿಗೆ ಹೋಗಿ ಬರುವ ಸಮಯ, 150 ಮಿಲಿಸೆಕೆಂಡಿನ ಆಸುಪಾಸು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಕಾರು 8 ಮೀಟರ್ ಮುಂದೆ ಹೋಗಿರುತ್ತದೆ. ಪಕ್ಕದ ಕಾರು ಎಲ್ಲಿದೆ ಎಂದು ಪರದೆ ತೋರಿಸುವುದು ಕಂಪ್ಯೂಟರಿನ ಅಂದಾಜು ಮಾತ್ರ. ಹಾಗಾಗಿ ನಾವು ಬೇರೆಯವರಿಗಿಂತ ಒಂದಿಷ್ಟು ಜಾಸ್ತಿ ಜಾಗ ಬಿಟ್ಟೇ ಓಡಿಸುತ್ತೇವೆ.

ಎರಡನೇ ಟ್ಯಾಂಕು ತುಂಬಿಸಿ ಹೊರಟು ಸ್ವಲ್ಪ ಹೊತ್ತಾಗಿತ್ತು. ನಮ್ಮ ಕ್ಲಾಸಿನಲ್ಲಿ ಆರನೇ ಜಾಗದಲ್ಲಿದ್ದೆ. ಮನೆಯಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಟಕ್ಕೆಂದು ಹಿಡಿದುಕೊಂಡಿತು, ಪರದೆ ಕದಲಲಿಲ್ಲ. ಮುಂದಿನ ಅರ್ಧ ಸುತ್ತು ಎಲ್ಲ ಸರಿಯಾಗಿಯೇ ಇತ್ತು. ಬ್ಲಾಂಶಿಮೋನ್ ತಿರುವಿನ ಹತ್ತಿರ ಮುಂದಿದ್ದ ಕಾರು ಇದ್ದಕ್ಕಿದ್ದಂತೆ ಮಾಯವಾಯಿತು. ಹಿಂದಿನದೂ ಇಲ್ಲ. ಕಿವಿಯಲ್ಲಿ ಮೇಷ್ಟ್ರ ದನಿ ಅರ್ಧಕ್ಕೆ ನಿಂತಿತು. ಇಡೀ ಟ್ರ್ಯಾಕಿನಲ್ಲಿ ನಾನೊಬ್ಬನೇ, ಆಮೇಲೆ ಸಂಪರ್ಕ ತಪ್ಪಿದೆ ಎಂಬ ಬರಹ. ಮನೆಯೊಳಗಿನ ಡಬ್ಬಿಯ ಕೆಂಪು ದೀಪ ಮಿಣುಕುತ್ತಿತ್ತು. ಎಲ್ಲೋ ಮರ ಬಿದ್ದು ಕೇಬಲ್ ಹರಿದಿತ್ತೋ, ಬೀದಿಯ ಪೆಟ್ಟಿಗೆಗೆ ಕರೆಂಟ್ ಇರಲಿಲ್ಲವೋ, ಆ ಹೊತ್ತಿನಲ್ಲಿ ಯಾರನ್ನು ಕೇಳುವುದು.

ಡ್ರೈವರ್‌ನ ನೆಟ್ ಹೋದರೆ ಕಾರನ್ನು ಪಿಟ್ಟಿಗೆ ಎಳೆದು ತರುತ್ತಾರೆ. ಎಳೆದು ತರುವ ಸಮಯ ನಷ್ಟ. ಆದರೆ ತಂಡದ ಇನ್ನೊಬ್ಬ ಅಲ್ಲಿದ್ದರೆ ಕಾರು ಹತ್ತಬಹುದು. ಯಾರೂ ಇಲ್ಲದಿದ್ದರೆ ಕಾರು ಅಲ್ಲೇ ಕೂರುತ್ತದೆ. ಮೇಷ್ಟ್ರು ಸ್ಪಾಟರ್ ಆಗಿ, ಅಂದರೆ ಸುತ್ತಲಿನ ಕಾರು ನೋಡಿ ಕಿವಿಯಲ್ಲಿ ಹೇಳುವವರಾಗಿ ಕೂತಿದ್ದರು, ಆದರೆ ಅವರು ನನ್ನ ಪಾಳಿಯ ಬೆನ್ನಿಗೇ ಎರಡು ಗಂಟೆ ಓಡಿಸಬೇಕಿತ್ತು. ಹುಡುಗ ಮಲಗಿರಬೇಕಾದ ಹೊತ್ತು. ಫೋನಿನ ಹಾಟ್‌ಸ್ಪಾಟ್ ಹಾಕಿ, ಮತ್ತೆ ಒಳಗೆ ಹೋಗಿ, ಹೆಡ್‌ಫೋನ್ ಕಿವಿಗೆ ಇಟ್ಟಾಗ ಕೇಳಿದ್ದು ಹುಡುಗನ ದನಿ.

"ಅಣ್ಣ, ಹತ್ತಿದೀನಿ. ಕಾರಿಗೆ ಏನೂ ಆಗಿಲ್ಲ. ಆರಾಮಾಗಿರು."

"ನೀನ್ಯಾಕೋ ಮಲಗಿಲ್ಲ?"

"ಮಳೆ ಜೋರಿತ್ತು ನಿಮ್ಕಡೆ ಅಂತ ಮೇಷ್ಟ್ರು ಹೇಳಿದ್ರು. ಸುಮ್ನೆ ಕೂತಿದ್ದೆ."

ಎರಡು ಸುತ್ತು ಹೋಗಿತ್ತು. ಆರರಿಂದ ಒಂಬತ್ತಕ್ಕೆ ಇಳಿದಿದ್ದೆವು. ನಾನು ಮತ್ತೆ ಓಡಿಸಲಾ ಎಂದು ಕೇಳಿದೆ. ಮೇಷ್ಟ್ರು ಒಂದೇ ಮಾತು ಹೇಳಿದರು: "ಫೋನ್ ನೆಟ್ ನಂಬಿ ಬೇಡಪ್ಪ. ನೀನು ನೋಡ್ಕೊಂಡು ಹೇಳ್ತಿರು." ಸರಿಯಾದ ತೀರ್ಮಾನ. ಮೊಬೈಲ್ ನೆಟ್ ಮತ್ತೆ ಕೈಕೊಟ್ಟಿದ್ದರೆ ಬೇರೆಯವರ ಪರದೆಯಲ್ಲಿ ನಮ್ಮ ಕಾರು ಎಗರಾಡುತ್ತಾ ಹೋಗಿ ಯಾರದೋ ರೇಸನ್ನೂ ಕೆಡಿಸುತ್ತಿತ್ತು.

ಮುಂದಿನ ಎರಡು ಮೂರು ಗಂಟೆ ನಾನು ದನಿ ಮಾತ್ರ. ಹಿಂದೆ ಎಲ್‌ಎಂಪಿ2 ಬರುತ್ತಿದ್ದರೆ, "ನಾಲ್ಕು ಸೆಕೆಂಡ್. ಎರಡು. ಒಳಗಡೆ ಬಂದ. ದಾಟಿದ." ಸುತ್ತಿಗೆ ಎಷ್ಟು ಲೀಟರ್ ಹೋಗುತ್ತಿದೆ ಎಂದು ಲೆಕ್ಕ ಹಾಕಿ, ಇನ್ನು ಎಷ್ಟು ಸುತ್ತು ಬರುತ್ತದೆ ಎಂದು ಹೇಳುವುದು. ಹುಡುಗ ಮಾತು ಜಾಸ್ತಿ ಮಾಡಿದ ಕೂಡಲೇ "ನೀರು ಕುಡಿ" ಅನ್ನುವುದು. ತೋಟದ ದಾರಿಯಲ್ಲಿ ನೋಡಿದ ಕೋ-ಡ್ರೈವರ್‌ಗಳು ಆಗ ನೆನಪಾದರು. ದನಿ ಎತ್ತರಿಸಬಾರದು, ಆತುರ ತೋರಿಸಬಾರದು, ಬೇಕಿಲ್ಲದ್ದು ಹೇಳಬಾರದು. ಕಾರು ಓಡಿಸುವುದಕ್ಕಿಂತ ಇದು ಸುಲಭದ ಕೆಲಸ ಎಂದು ಯಾರಾದರೂ ಅಂದುಕೊಂಡಿದ್ದರೆ ಒಂದು ರಾತ್ರಿ ಮಾಡಿ ನೋಡಬೇಕು.

ಬೆಳಗಿನ ಜಾವ ಸ್ಪಾದಲ್ಲೂ ಮಳೆ ಶುರುವಾಯಿತು. ಐರೇಸಿಂಗ್‌ಗೆ ಮಳೆ ಬಂದದ್ದು 2024ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಟ್ರ್ಯಾಕು ಒದ್ದೆಯಾಗುತ್ತಲೇ ಇರಲಿಲ್ಲ. ಆಗ ಕಾರಿನಲ್ಲಿದ್ದವರು ಮೇಷ್ಟ್ರು. ಮೊದಲ ಹನಿ ಬಿದ್ದದ್ದು ದೂರದ ಸ್ಟಾವಲೋ ಕಡೆ, ಪಿಟ್ಟಿನ ಹತ್ತಿರ ಇನ್ನೂ ಒಣ. ಬೇರೆ ತಂಡದ ಕೆಲವರು ಕೂಡಲೇ ಮಳೆ ಟೈರಿಗೆ ಓಡಿದರು. ಮೇಷ್ಟ್ರು ಇನ್ನೂ ಎರಡು ಸುತ್ತು ಕಾದರು. ಒಣಗಿದಾಗ ಹಿಡಿತ ಕೊಡುವ ರಬ್ಬರ್ ಗೆರೆ ಒದ್ದೆಯಾದರೆ ಅದೇ ಜಾರುತ್ತದೆ ಎಂದು ತಿರುವುಗಳಲ್ಲಿ ಆ ಗೆರೆ ಬಿಟ್ಟು ಹೊರಗಿನಿಂದ ಸುತ್ತಿ ಬಂದರು. ಹಾಗೆ ಕಾದಿದ್ದರಿಂದ ಅವರು ಪಿಟ್ಟಿಗೆ ಬರುವ ಹೊತ್ತಿಗೆ ಎಲ್ಲ ಕಡೆಯೂ ಒದ್ದೆಯಾಗಿತ್ತು, ಟೈರು ಹಾಳಾಗಲಿಲ್ಲ, ಒಂದು ಜಾಗ ಮೇಲಕ್ಕೂ ಬಂದೆವು.

ಅಷ್ಟರಲ್ಲಿ ನಮ್ಮ ಮನೆಯ ಡಬ್ಬಿಯ ದೀಪ ಹಸಿರಾಗಿತ್ತು. ಅರ್ಧ ಗಂಟೆ ನಿಂತಿತಾ ಎಂದು ನೋಡಿಕೊಂಡು ಮೇಷ್ಟ್ರು ಕಾರನ್ನು ನನ್ನ ಕೈಗೆ ಕೊಟ್ಟರು. ಬೆಳ್ಳಂಬೆಳಿಗ್ಗೆ, ಎರಡೂ ಕಡೆ ಮಳೆ. ಮುಂದಿನ ಕಾರುಗಳು ಎಬ್ಬಿಸುವ ನೀರಿನ ಹೊಗೆಯಲ್ಲಿ ಹಿಂದಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತು, "ಇನ್ನೂ ಮುಗೀಲಿಲ್ವೇನೋ?" ಅಂದರು. ಉತ್ತರ ಕೊಡಲು ಆಗಲಿಲ್ಲ, ಬೆರಳೆತ್ತಿ ಒಂದು ಗಂಟೆ ಎಂದು ತೋರಿಸಿದೆ. ನಿಧಾನವಾಗಿ, ಯಾರಿಗೂ ತಾಗಿಸದೆ, ಮುಂದೆ ಇಬ್ಬರು ಜಾರಿ ನಿಂತಾಗ ದಾಟಿಕೊಂಡು ಕಾರನ್ನು ಕೊನೆಯವರೆಗೆ ತಂದೆ. ನಮ್ಮ ಕ್ಲಾಸಿನಲ್ಲಿ ಆರನೆಯವರಾಗಿ ಮುಗಿಸಿದೆವು. ಕಳೆದುಕೊಂಡ ಜಾಗವೇ ವಾಪಸ್ ಸಿಕ್ಕಿತ್ತು. ಮೇಷ್ಟ್ರು ಮೈಕಿನಲ್ಲಿ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಹುಡುಗ ಆಗಲೇ ನಿದ್ದೆ ಹೋಗಿದ್ದ.

ಮುಂದಿನ ರೇಸಿಗೆ ಈಗಲೇ ಒಂದಿಷ್ಟು ಗೊತ್ತು ಮಾಡಿಕೊಂಡಿದ್ದೇವೆ. ಮಳೆಗಾಲದಲ್ಲಿ ನಾನು ಓಡಿಸುವಾಗ ಇನ್ನೊಬ್ಬ ಕಡ್ಡಾಯವಾಗಿ ಎಚ್ಚರ ಇರಬೇಕು, ಅವನ ಪಾಳಿಯ ಗಂಟೆ ಅಷ್ಟು ಕಮ್ಮಿ ಮಾಡಬೇಕು. ಫೋನನ್ನು ಮೊದಲೇ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಚುಚ್ಚಿಟ್ಟಿರಬೇಕು. ನಡುರಾತ್ರಿಯ ಪಾಳಿ ನನಗೇ ಬೇಕು ಎಂದು ನಾನು ಕೇಳಿದ್ದೇನೆ. ಹುಡುಗನೂ ಅದನ್ನೇ ಕೇಳುತ್ತಿದ್ದಾನೆ. ಮೇಷ್ಟ್ರು ಇನ್ನೂ ಏನೂ ಹೇಳಿಲ್ಲ.