ಚೂಡಿದಾರದೊಳಗೆ ಪಿಸ್ತೂಲು

ಹೋದ ಮಳೆಗಾಲದಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಗಲ್ಲಾದ ಮೇಲೆ ನಿಲ್ಲಿಸಿ, ಬಗ್ಗಿ ಅಕ್ಕಿ ಚೀಲ ಸರಿಸುತ್ತಿದ್ದೆ. ಕುರ್ತಾ ಒಂದು ಗೇಣು ಮೇಲೆ ಹೋಯಿತು. ಕೊಪ್ಪದ ಜಗಲಿಯಲ್ಲಿ ಕೂತ ಅಮ್ಮನ ಕಣ್ಣು ಬಹಳ ಚುರುಕು. "ಸೊಂಟದಲ್ಲಿ ಅದೆಂತ ಮಾರಾಯ್ತಿ ಕಪ್ಪಗೆ?" ಅಂದರು. ಬೆಲ್ಟು ಅಂದೆ. ಸುಳ್ಳೇನಲ್ಲ, ಬೆಲ್ಟೂ ಇತ್ತು. ಅದಕ್ಕೆ ಸಿಕ್ಕಿಸಿದ್ದು ಪಿಸ್ತೂಲು ಅಂತ ಹೇಳಲು ಇನ್ನೆರಡು ವಾರ ಬೇಕಾಯಿತು.

ಹೇಳಿದ್ದೇ ತಡ, ಸುದ್ದಿ ಶೃಂಗೇರಿ, ತೀರ್ಥಹಳ್ಳಿ ಎಲ್ಲ ಸುತ್ತಿ ಬಂತು. ಒಬ್ಬೊಬ್ಬರಿಗೆ ಒಂದೊಂದು ಸಲ ವಿವರಿಸಿ ಸಾಕಾಗಿದೆ. ಅದಕ್ಕೇ ಒಮ್ಮೆಲೇ ಬರೆದುಬಿಡುತ್ತೇನೆ.

ನಾವಿರುವುದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಊರಿನ ಹೊರಗೆ. ಸಣ್ಣದೊಂದು ಇಂಡಿಯನ್ ದಿನಸಿ ಅಂಗಡಿ. ರಾತ್ರಿ ಒಂಬತ್ತೂವರೆಗೆ ಬಾಗಿಲೆಳೆದು, ಗಲ್ಲಾದ ದುಡ್ಡು ಚೀಲಕ್ಕೆ ಹಾಕಿಕೊಂಡು ಕಾರಿನವರೆಗೆ ನಡೆಯಬೇಕು. ವಾರದಲ್ಲಿ ನಾಲ್ಕು ದಿನ ಒಬ್ಬಳೇ. ಪಕ್ಕದ ಲಾಂಡ್ರಿಯವರನ್ನು ಅದೇ ಪಾರ್ಕಿಂಗ್‌ನಲ್ಲಿ ಇಬ್ಬರು ಅಡ್ಡ ಹಾಕಿದರು. ಅವರು ತಕ್ಷಣ ದುಡ್ಡು ಕೊಟ್ಟರು. ಕೊಟ್ಟ ಮೇಲೂ ಹೊಡೆದರು. ನನಗೆ ಹೆದರಿಕೆ ಹುಟ್ಟಿದ್ದು ಕೊಟ್ಟ ಮೇಲೂ ಹೊಡೆದರಲ್ಲ, ಅದಕ್ಕೆ. ದುಡ್ಡಿಗೋಸ್ಕರ ನಾನು ಗುಂಡು ಹಾರಿಸುವುದಿಲ್ಲ, ಚೀಲ ಎಸೆದು ಓಡುತ್ತೇನೆ. ಓಡಲೂ ಬಿಡದಿದ್ದರೆ ಏನು ಅನ್ನುವುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಇಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿ ಕಾನೂನಿನ ಅಡ್ಡಿ ಯಾವುದೂ ಇಲ್ಲದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಊರಿನವರು ಇದನ್ನು ನಂಬುವುದೇ ಇಲ್ಲ. ಆದರೆ ಆ "ಅಡ್ಡಿ"ಯಲ್ಲಿ ನಮ್ಮವರು ಬಹಳ ಜನ ಬರುತ್ತಾರೆ. ಎಚ್‌1ಬಿ ವೀಸಾದಲ್ಲಿರುವವರು ಬಂದೂಕು ಹೊಂದುವಂತಿಲ್ಲ ಅನ್ನುತ್ತದೆ ಕೇಂದ್ರ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಅಂತ ಒಂದಿದೆ, ಅದರ ನಂಬಿಕೆಯ ಮೇಲೆ ವೀಸಾ ಪಣಕ್ಕಿಡುವವರಿಗೆ ಮೊದಲು ವಕೀಲರನ್ನು ಕೇಳಿ ಅನ್ನುತ್ತೇನೆ. ನಿಮ್ಮ ಮಗ ಟೆಕ್ಸಾಸ್‌ಗೆ ಹೋದ ಮೂರನೇ ವಾರಕ್ಕೇ ಗೆಳೆಯನ ಪಿಸ್ತೂಲು ಹಿಡಿದು ಫೋಟೋ ಹಾಕಿದ್ದರೆ, ಲೈಕ್ ಒತ್ತಬೇಡಿ, ಫೋನ್ ಮಾಡಿ ಬೈಯಿರಿ. ನಾವೂ ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಒಂದನ್ನೂ ಮುಟ್ಟಿರಲಿಲ್ಲ.

ಮುಟ್ಟಿರಲಿಲ್ಲ ಅಂದರೆ ಇಲ್ಲಿ. ಊರಲ್ಲಿ ಅಜ್ಜನದ್ದೊಂದು ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸು. ಅದು ಹಂದಿ ಹೊಡೆದಿದ್ದಕ್ಕಿಂತ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದಿದ್ದೇ ಜಾಸ್ತಿ. ಪ್ರತಿ ಚುನಾವಣೆಗೂ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಹೋಗಿ, ಜಮಾ ಮಾಡಿ, ರಸೀದಿ ತರುತ್ತಿದ್ದರು. ಖಾಲಿ ಕೋವಿಯ ಬಾಯಿ ಯಾರ ಕಡೆಗಾದರೂ ತಿರುಗಿದರೆ ಅಜ್ಜ ಕೂಗುತ್ತಿದ್ದ ಕೂಗು ನನಗೆ ಈಗಲೂ ನೆನಪಿದೆ. ಇಲ್ಲಿ ಬಂದೂಕು ಕಲಿಸುವ ತರಗತಿಗೆ ಹೋದ ಮೊದಲ ದಿನ ಕೌಬಾಯ್ ಟೋಪಿಯ ಮೇಷ್ಟ್ರು ಬೋರ್ಡ್ ಮೇಲೆ ಬರೆದ ಮೊದಲ ನಿಯಮವೂ ಅದೇ ಆಗಿತ್ತು: ಯಾವ ಬಂದೂಕನ್ನೂ ಖಾಲಿ ಅಂತ ತಿಳಿಯಬೇಡ.

ಬಂದೂಕಿನ ಅಂಗಡಿಗೆ ಹೋದಾಗ ಆದ ಕಥೆ ಹೇಳುತ್ತೇನೆ. ಹೆಂಗಸು ಒಳಗೆ ಬಂದಳು ಅಂದರೆ ಕೌಂಟರ್‌ನವರ ಕೈ ತಾನಾಗಿಯೇ ಪುಟ್ಟ ರಿವಾಲ್ವರ್ ಕಡೆ ಹೋಗುತ್ತದೆ. "ಹಗುರ, ಸುಲಭ, ನಿಮಗೆ ಹೇಳಿ ಮಾಡಿಸಿದ್ದು" ಅಂದರು. ಐದೇ ಗುಂಡು, ತೂಕ ಸುಮಾರು 400 ಗ್ರಾಂ. ಸೀರೆ ಅಂಗಡಿಯಲ್ಲಿ ನಾವು ಕೇಳಿದ್ದು ಬಿಟ್ಟು ಬೇರೆಯದನ್ನೇ ಹಾಸುತ್ತಾರಲ್ಲ, ಹಾಗೆ. ಪುಣ್ಯಕ್ಕೆ ಹಿಂದೆಯೇ ರೇಂಜ್ ಇತ್ತು, ಬಾಡಿಗೆಗೆ ಹಾರಿಸಿ ನೋಡಬಹುದಿತ್ತು. ಮೊದಲ ಗುಂಡಿಗೇ ಅಂಗೈ ಜುಮ್ಮೆಂದಿತು. ಐದನೆಯದಕ್ಕೆ ಕಣ್ಣು ಮುಚ್ಚಿಕೊಂಡೇ ಹೊಡೆದೆ. ಬಂದೂಕು ಹಗುರವಾದಷ್ಟೂ ಒದೆತ ಜೋರು, ಆ ಒದೆತವನ್ನು ತಡೆದುಕೊಳ್ಳಲು ಲೋಹವೇ ಇರುವುದಿಲ್ಲ. ಮೇಲಾಗಿ ಅದರ ಟ್ರಿಗರ್ ಎಳೆಯಲು ಬೋರ್‌ವೆಲ್ ಪಂಪಿನಷ್ಟು ಜೋರು ಬೇಕು. ರಿವಾಲ್ವರ್ ನಂಬಿಕಸ್ಥ ಅನ್ನುವುದು ನಿಜ, ಅದು ಅಷ್ಟು ಸುಲಭಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ನಾನು ಹೆದರಿ ಅಭ್ಯಾಸವನ್ನೇ ಮಾಡದಿದ್ದರೆ ಅದರ ನಂಬಿಕೆ ಕಟ್ಟಿಕೊಂಡು ಏನು ಮಾಡಲಿ?

ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಚಂದದ ಪಿಸ್ತೂಲು ತಗೊಂಡೆ. ಹೆಸರು ಬೇಡ. ನೋಡಲು ಒಡವೆ ಹಾಗಿತ್ತು. ಇಪ್ಪತ್ತೇಳನೇ ಗುಂಡಿಗೆ ಸಿಕ್ಕಿಕೊಂಡಿತು. ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕವಚ ಹೊರಗೆ ಬೀಳದೆ, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡ್‌ನ ಕಿಂಡಿಯಲ್ಲಿ ನೆಟ್ಟಗೆ ನಿಂತಿತು, ಸೌದೆ ಒಲೆಯ ಹೊಗೆ ಕೊಳವೆಯಂತೆ. ಇಲ್ಲಿಯವರೂ ಅದನ್ನು ಸ್ಟೋವ್‌ಪೈಪ್ ಅಂತಲೇ ಕರೆಯುತ್ತಾರೆ. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದು ನೋಡಿದರು. ಕೈ ಸಡಿಲ ಬಿಟ್ಟರೆ ಹೀಗಾಗುತ್ತದೆ ಅಂದರು. ಪಿಸ್ತೂಲಿನ ಸ್ಲೈಡ್ ಹಿಂದಕ್ಕೆ ಹೋಗಿ ಬರಬೇಕಾದರೆ ಕೆಳಗಿನ ಭಾಗ ಅಲುಗದೆ ನಿಲ್ಲಬೇಕು, ನಿಲ್ಲಿಸುವುದು ನಮ್ಮ ಕೈ. ಕೈ ಬಿಗಿ ಮಾಡಿದೆ. ಮತ್ತೆ ಮೂರು ಸಲ ಸಿಕ್ಕಿಕೊಂಡಿತು. ಆಗ ಅವರೇ ತಗೊಂಡು ಹಾರಿಸಿದರು, ಅವರಿಗೂ ಸಿಕ್ಕಿಕೊಂಡಿತು. "ಇದನ್ನು ಮಾರಿಬಿಡಿ" ಅಂದರು. ನಷ್ಟಕ್ಕೇ ಮಾರಿದೆ.

ಕೊನೆಗೆ ನಿಂತಿದ್ದು ಅತ್ಯಂತ ಸಪ್ಪೆ ಮಾಡೆಲ್ ಮೇಲೆ. ಗ್ಲಾಕ್. ಆಸ್ಟ್ರಿಯಾ ದೇಶದ್ದು, 1980ರ ದಶಕದ ಶುರುವಿನಲ್ಲಿ ಅಲ್ಲಿಯ ಸೈನ್ಯಕ್ಕೆ ಅಂತ ಮಾಡಿದ್ದು. ಕರಿ ಪ್ಲಾಸ್ಟಿಕ್ ಹಿಡಿ, ಚೌಕದ ಸ್ಲೈಡ್, ಒಂದು ಚೂರೂ ಅಂದ ಇಲ್ಲ. ಪೊಲೀಸರ ಸೊಂಟದಲ್ಲಿ ಮಳೆ ಧೂಳು ತಿಂದು ಬದುಕಿದ ವಂಶ ಅದು. ಬಿಡಿ ಭಾಗ, ಗುಂಡು ತುಂಬುವ ಮ್ಯಾಗಜಿನ್, ಪಿಸ್ತೂಲು ಇಡುವ ಹೋಲ್‌ಸ್ಟರ್ ಎಲ್ಲ ಎಲ್ಲಿ ಕೇಳಿದರೂ ಸಿಗುತ್ತದೆ. ಹಳ್ಳಿಗೆ ಸ್ಪ್ಲೆಂಡರ್ ಬೈಕ್ ಯಾಕೆ ತಗೊಳ್ಳುತ್ತೀರಿ, ಅದೇ ಕಾರಣ.

ಎಲ್ಲರೂ ಹೇಳುವುದು 19ನೇ ನಂಬರಿನ ಮಾಡೆಲ್. ಹದಿನೈದು ಗುಂಡು ಹಿಡಿಯುತ್ತದೆ, ಹಾರಿಸಲು ಬಹಳ ಹಿತ. ಆದರೆ ತುಂಬಿಸಿದಾಗ 850 ಗ್ರಾಂ ದಾಟುತ್ತದೆ, ದಪ್ಪವೂ ಹೌದು. ಕುರ್ತಾದ ಮೇಲೆ ಹೆರಳೆಕಾಯಿ ಕಟ್ಟಿಕೊಂಡಂತೆ ಉಬ್ಬುತ್ತಿತ್ತು. 2018ರಲ್ಲಿ ಸಿಗ್ ಕಂಪನಿಯ ಪಿ365 ಬಂದ ಮೇಲೆ ಅಂಗೈಯಗಲದ ಪಿಸ್ತೂಲಿಗೂ ಹತ್ತು ಗುಂಡು ಹಿಡಿಸುವ ಪೈಪೋಟಿ ಶುರುವಾಯಿತು. ಅದನ್ನೂ ಹಾರಿಸಿ ನೋಡಿದೆ, ಕಿರುಬೆರಳಿಗೆ ಜಾಗ ಸಾಲಲಿಲ್ಲ. ಮರುವರ್ಷ ಬಂದ ಗ್ಲಾಕ್ 43ಎಕ್ಸ್ ನನ್ನ ಕೈಗೆ ಕೂತಿತು. ತೆಳ್ಳಗಿದೆ, ಹಿಡಿ ಮಾತ್ರ ಉದ್ದ. ಹತ್ತು ಗುಂಡು, ತುಂಬಿಸಿದರೆ ಸುಮಾರು 650 ಗ್ರಾಂ. ಇದೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯವರಿಗೆ ಅದು ಹಿಡಿಸಲೇ ಇಲ್ಲ, ಅವರ ಕೈ ದೊಡ್ಡದು.

ಸ್ಲೈಡ್ ಎಳೆಯಲು ನನ್ನ ಕೈಲಿ ಆಗುವುದೇ ಇಲ್ಲ ಅಂದುಕೊಂಡಿದ್ದೆ. ಎರಡು ಬೆರಳಲ್ಲಿ ಚಿವುಟಿ ಎಳೆದರೆ ಯಾರಿಗೂ ಆಗುವುದಿಲ್ಲ. ಎಡಗೈಯನ್ನು ಮೇಲಿನಿಂದ ಪೂರ್ತಿ ಮುಚ್ಚಿ ಹಿಡಿದು, ಬಲಗೈಯಲ್ಲಿ ಪಿಸ್ತೂಲನ್ನು ಮುಂದಕ್ಕೆ ತಳ್ಳಬೇಕು. ಗಟ್ಟಿ ಮುಚ್ಚಳದ ಉಪ್ಪಿನಕಾಯಿ ಜಾಡಿ ತೆಗೆಯುವ ಹಾಗೆ, ಎದೆ ಹತ್ತಿರ ಹಿಡಿದು. ಅವತ್ತು ಐವತ್ತು ಸಲ ಮಾಡಿದೆ, ಖಾಲಿ ಪಿಸ್ತೂಲಿನಲ್ಲಿ.

ಹೊಸದು ಅಂತ ಮಾರನೇ ದಿನವೇ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ. ಮೊದಲು ಅಭ್ಯಾಸದ ಗುಂಡು 200, ಒಂದೂ ಸಿಕ್ಕಿಕೊಳ್ಳದೆ ಹೋಗಬೇಕು. ಆಮೇಲೆ ದಿನಾ ಇಟ್ಟುಕೊಳ್ಳುವ ಹಾಲೋ ಪಾಯಿಂಟ್ ಗುಂಡು 50. ಇದರ ಮೂತಿಯಲ್ಲಿ ಗುಳಿ ಇರುತ್ತದೆ, ತಗುಲಿದಾಗ ಅರಳುತ್ತದೆ. ದುಂಡು ಮೂತಿಯದ್ದು ಹಾಗಲ್ಲ, ಒಬ್ಬನನ್ನು ದಾಟಿ ಹಿಂದೆ ನಿಂತವನಿಗೂ ಹೋಗಬಹುದು. ಆದರೆ ಗುಳಿ ಮೂತಿ ಕೆಲವು ಪಿಸ್ತೂಲಿಗೆ ಒಗ್ಗುವುದಿಲ್ಲ, ಒಳಗೆ ಹತ್ತುವಾಗ ತಡೆಯುತ್ತದೆ. ಅದಕ್ಕೇ ಹಾರಿಸಿಯೇ ನೋಡಬೇಕು. ಒಂದೊಂದಕ್ಕೆ ಹೆಚ್ಚುಕಡಿಮೆ ಒಂದು ಡಾಲರ್. ಐವತ್ತು ಹಾರಿಸುವಾಗ ಹೊಟ್ಟೆ ಉರಿಯಿತು. ಇನ್ನೂರೈವತ್ತರಲ್ಲಿ ಒಂದೂ ಸಿಕ್ಕಿಕೊಳ್ಳಲಿಲ್ಲ.

ಲೈಸೆನ್ಸ್ ಬೇಕಿಲ್ಲದಿದ್ದರೂ ಮಾಡಿಸಿದೆ. ಬೇರೆ ಕೆಲವು ರಾಜ್ಯಗಳಲ್ಲೂ ನಡೆಯುತ್ತದೆ, ಕಾನೂನಿನ ಪಾಠವೂ ಆಗುತ್ತದೆ. ಅರ್ಜಿಗೆ 40 ಡಾಲರ್, ಬೆರಳಚ್ಚು, ತರಗತಿ, ಆಮೇಲೆ ಮೂರು, ಏಳು, ಹದಿನೈದು ಗಜ ದೂರದಿಂದ 50 ಗುಂಡು. 250ಕ್ಕೆ 175 ಬಂದರೆ ಪಾಸು. ನನಗೆ 231 ಬಂತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಇಷ್ಟು ಖುಷಿ ಆಗಿರಲಿಲ್ಲ.

ಇನ್ನು ಇಟ್ಟುಕೊಳ್ಳುವುದು. ನಿಜವಾದ ಕಷ್ಟ ಇರುವುದೇ ಇಲ್ಲಿ. ಈ ಪಿಸ್ತೂಲಿಗೆ ಪಕ್ಕದಲ್ಲಿ ಒತ್ತುವ ಸೇಫ್ಟಿ ಗುಂಡಿ ಇಲ್ಲ, ಟ್ರಿಗರ್ ಮುಚ್ಚುವ ಗಟ್ಟಿ ಹೋಲ್‌ಸ್ಟರೇ ಅದಕ್ಕೆ ಕಾವಲು. ಕೈಡೆಕ್ಸ್ ಅನ್ನುವ ಗಡಸು ಪ್ಲಾಸ್ಟಿಕ್ಕಿನದು ತಗೊಂಡೆ. ಚೂಡಿದಾರದ ಲಾಡಿಗೆ ಅದು ನಿಲ್ಲುತ್ತದಾ? ಒಳಗೊಂದು ಗಟ್ಟಿ ಬೆಲ್ಟ್ ಕಟ್ಟಿ, ಮೇಲೆ ಸಡಿಲ ಕುರ್ತಾ. ಮೊದಲ ವಾರ ಕೂತರೂ ನಿಂತರೂ ಪಕ್ಕೆಗೆ ಒತ್ತುತ್ತಿತ್ತು. ಕೈಚೀಲದಲ್ಲಿ ಹಾಕಿಕೋ ಅಂತ ಗೆಳತಿಯರು ಹೇಳಿದರು. 2014ರ ಡಿಸೆಂಬರ್‌ನಲ್ಲಿ ಐಡಾಹೊ ರಾಜ್ಯದಲ್ಲಿ ತಾಯಿಯೊಬ್ಬಳ ಕೈಚೀಲದಲ್ಲಿದ್ದ ಪಿಸ್ತೂಲು ಅವಳದೇ ಎರಡು ವರ್ಷದ ಮಗುವಿನ ಕೈಗೆ ಸಿಕ್ಕಿತು. ಅಂಗಡಿಯೊಳಗೆ, ಹಗಲಿನಲ್ಲಿ. ಆ ಮಗುವಿನಿಂದಲೇ ತಾಯಿ ಸತ್ತಳು. ಕೈಚೀಲದ ಮಾತು ನನ್ನ ಹತ್ತಿರ ಎತ್ತಬೇಡಿ ಅಂದೆ.

ಮನೆಗೆ ಬಂದ ಕೂಡಲೇ ಅದು ಬೆರಳು ಕೊಟ್ಟರೆ ತೆರೆಯುವ ಪೆಟ್ಟಿಗೆಗೆ ಹೋಗುತ್ತದೆ. ಮಗನಿಗೆ ಹನ್ನೆರಡು. ಅವನ ಶಾಲೆಯೊಳಗೆ ಒಯ್ಯುವಂತಿಲ್ಲ, ಒಯ್ಯಬೇಕು ಅಂತ ನನಗೂ ಇಲ್ಲ. 2022ರ ಮೇ ತಿಂಗಳಲ್ಲಿ ಹುಡುಗನೊಬ್ಬ ಶಾಲೆಯೊಳಗೆ ರೈಫಲ್ ಹಾರಿಸಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತ ಯುವಾಲ್ಡಿ ನಮ್ಮಿಂದ ನೂರಮೂವತ್ತು ಕಿಲೋಮೀಟರ್ ಅಷ್ಟೆ. ಆ ವಾರವಿಡೀ ಅಂಗಡಿಗೆ ಬಂದವರು ಗಲ್ಲಾದ ಮುಂದೆ ಸುಮ್ಮನೆ ನಿಂತು ಹೋಗುತ್ತಿದ್ದರು. ಹದಿನೆಂಟು ತುಂಬಿದ ಹುಡುಗನಿಗೆ ಅಂಥ ರೈಫಲ್ ಮಾರುವ ಕಾನೂನು ನನಗೆ ಒಪ್ಪಿಗೆಯಿಲ್ಲ. ನನ್ನ ಸೊಂಟದಲ್ಲೂ ಒಂದಿದೆ. ಎರಡೂ ನಿಜ, ಎರಡನ್ನೂ ಹೊಂದಿಸಿ ಹೇಳಲು ನನಗೆ ಬರುವುದಿಲ್ಲ.

ಬಾರಿನ ಬಾಗಿಲಲ್ಲಿ ಕೆಂಪಗೆ 51% ಅಂತ, ಅಂದರೆ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ ಅಂತ, ಬೋರ್ಡಿದ್ದರೆ ಒಳಗೆ ಒಯ್ಯುವಂತಿಲ್ಲ. ಬೇಡ ಅನ್ನುವ ಅಂಗಡಿಯವರು ಇಂಗ್ಲಿಷ್‌ನಲ್ಲೂ ಸ್ಪ್ಯಾನಿಷ್‌ನಲ್ಲೂ ದಪ್ಪಕ್ಷರದಲ್ಲಿ ಬರೆದು ಹಾಕುತ್ತಾರೆ. ನಮ್ಮ ದೇವಸ್ಥಾನದಲ್ಲಿ ಅಂಥ ಬೋರ್ಡಿಲ್ಲ. ಆದರೂ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಚಪ್ಪಲಿಯನ್ನೇ ಹೊರಗೆ ಬಿಡುವ ಜಾಗ ಅಲ್ವಾ ಅದು.

ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಅಮ್ಮ ಮೊದಲು ಕೇಳಿದ್ದು, "ತಂದಿದ್ದೀಯಾ?" ಅಂತ. ಅದನ್ನು ತರುವುದಿರಲಿ, ಒಂದೇ ಒಂದು ಗುಂಡು ಬ್ಯಾಗಿನಲ್ಲಿ ಮರೆತು ಬಂದರೂ ಏರ್‌ಪೋರ್ಟ್‌ನಿಂದ ನೇರ ಪೊಲೀಸ್ ಸ್ಟೇಷನ್, ಮೇಲೆ ಆರ್ಮ್ಸ್ ಆ್ಯಕ್ಟ್ ಕೇಸು. ಸಾಲದ್ದಕ್ಕೆ ನನ್ನ ಪಿಸ್ತೂಲಿನ ಗುಂಡಿನ ಅಳತೆ 9 ಎಂಎಂ, ಅದು ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಅಂಥ ಕೇಸುಗಳನ್ನು ಪೇಪರ್‌ನಲ್ಲಿ ಓದಿದ್ದೆ. ಅದಕ್ಕೇ ರೇಂಜಿಗೆ ಒಯ್ಯುವ ಬ್ಯಾಗೇ ಬೇರೆ ಇಟ್ಟಿದ್ದೇನೆ, ಅದು ವಿಮಾನ ಹತ್ತುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಹೊಸ ಸೂಟ್‌ಕೇಸ್, ಹೊಸ ಕೈಚೀಲ, ಎಲ್ಲವನ್ನೂ ಬೋರಲು ಹಾಕಿ ಕೊಡವಿದೆ. ಏನೂ ಇರಲಿಲ್ಲ. ಪ್ರಯಾಣಕ್ಕೆ ಅಂತ ತೆಗೆದಿಟ್ಟಿದ್ದ ಜೀನ್ಸನ್ನು ನಮ್ಮ ಮನೆಯವರು ಮಡಚುತ್ತಿದ್ದರು. ಚಿಲ್ಲರೆ ಹಾಕುವ ಪುಟ್ಟ ಜೇಬಿಗೆ ಬೆರಳು ತೂರಿಸಿ ಒಂದು ಕ್ಷಣ ನಿಂತರು. ಹಿಂದಿನ ವಾರ ಯಾವತ್ತೋ ಪಿಸ್ತೂಲು ಖಾಲಿ ಮಾಡುವಾಗ ನಾನೇ ತೆಗೆದು ಹಾಕಿಕೊಂಡಿದ್ದ ಗುಂಡು. ಏನೂ ಮಾತಾಡದೆ ಅದನ್ನು ಅಮ್ಮನಿಗೆ ತಂದಿದ್ದ ಬಾದಾಮಿ ಪ್ಯಾಕೆಟ್ಟಿನ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದರು. ಬಟ್ಟೆಯೆಲ್ಲ ಮತ್ತೆ ಹೊರಗೆ ತೆಗೆದು, ಒಂದೊಂದೇ ಜೇಬು ಹೊರಕ್ಕೆಳೆದು ನೋಡುತ್ತಾ ಕೂತೆವು.