ಆರು ಸ್ವಿಚ್ಚಿಗೆ ಒಂದು ಕಂಪ್ಯೂಟರ್ ಬೇಕಾ?

ಸಿಂಥ್‌ಗೆ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯಕ್ಕೆ, ಕಾಲಲ್ಲೇ ಅಪ್ಪಣೆ ಕೊಡಲು ನಾನೇ ಒಂದು ಮಿಡಿ ಪೆಡಲ್ ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಮಿಡಿ ಅಂದರೆ ಇಂಥ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ. ಪೆಟ್ಟಿಗೆಯೊಳಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಆರು ಸ್ವಿಚ್ಚಿಗೆ ಇಡೀ ಲಿನಕ್ಸ್ ಯಾಕೆ? ಒಂದು ಆರ್ಡುಯಿನೊ ಸಾಕಲ್ವಾ?" ಲಿನಕ್ಸ್ ಅಂದರೆ ಪೈಯನ್ನು ನಡೆಸುವ, ವಿಂಡೋಸ್‌ನಂಥ ತಂತ್ರಾಂಶ. ಆರ್ಡುಯಿನೊ ಅಂದರೆ ಒಂದೇ ಪುಟ್ಟ ಪ್ರೋಗ್ರಾಂ ನಡೆಸುವ ಸರಳ ಬೋರ್ಡು.

ಸಾಕು. ಕಾಲಲ್ಲಿ ಒತ್ತಿದರೆ ಸಂದೇಶ ಹೋಗಬೇಕು, ಅಷ್ಟೇ ಅಂದರೆ ಖಂಡಿತ ಸಾಕು. ಐದು ಪಿನ್ನಿನ ಮಿಡಿ ಕೇಬಲ್ಲಿನಲ್ಲಿ ಶಬ್ದ ಹರಿಯುವುದಿಲ್ಲ, ಬರೀ ಅಪ್ಪಣೆಗಳು. ಪ್ಯಾಚ್ (ಸಿಂಥ್‌ನ ನಾದದ ಬಗೆ) ಬದಲಿಸಲು 2 ಬೈಟ್, ಸಸ್ಟೇನ್ (ಬೆರಳೆತ್ತಿದರೂ ಸ್ವರ ಉಳಿಯುವುದು) ಹಿಡಿಯಲು 3. 1983ರಲ್ಲಿ ಬಂದ ವೇಗವೇ ಇವತ್ತಿಗೂ: ಸೆಕೆಂಡಿಗೆ 31,250 ಬಿಟ್. ಇಷ್ಟಕ್ಕೆ ಪೈ ಜಾಸ್ತಿಯೇ ಆಯಿತು.

ಆದರೆ ನನ್ನ ಸಿಂಥ್‌ಗೆ ಆ ಹಳೆಯ ಐದು ಪಿನ್ನಿನ ಕಿಂಡಿ ಇಲ್ಲ. ಇರುವುದು ಯುಎಸ್‌ಬಿ ಮಾತ್ರ. ಯುಎಸ್‌ಬಿಯಲ್ಲಿ ಒಬ್ಬ ಯಜಮಾನ ಇರಲೇಬೇಕು. ಅವನು ಕೇಳಿದಾಗ ಮಾತ್ರ ಉಳಿದವರು ಬಾಯಿ ಬಿಡುತ್ತಾರೆ. ನನ್ನ ಸಿಂಥ್ ಯಜಮಾನ ಆಗುವುದಿಲ್ಲ, ಸಾಮಾನ್ಯ ಆರ್ಡುಯಿನೊ ಬೋರ್ಡೂ ಆಗುವುದಿಲ್ಲ. ಇಬ್ಬರನ್ನೂ ಕೇಬಲ್ಲಿನಿಂದ ಜೋಡಿಸಿ ನೋಡಿದೆ. ಮದುವೆಮನೆಯಲ್ಲಿ ಪರಿಚಯವಿಲ್ಲದ ಇಬ್ಬರು ನೆಂಟರ ಹಾಗೆ ಸುಮ್ನೆ ಕೂತವು. ಪೈಗೆ ಈ ಯಜಮಾನಿಕೆ ಹುಟ್ಟಿನಿಂದಲೇ ಬಂದಿದೆ. ಸಿಂಥ್, ಮಿಡಿ ಕೀಬೋರ್ಡ್ ಎರಡನ್ನೂ ಅದಕ್ಕೇ ಸಿಕ್ಕಿಸಿದೆ. ನಡುವೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ.

ನಿಜ ಹೇಳಬೇಕೆಂದರೆ, ನನ್ನನ್ನು ಗೋಳು ಹೊಯ್ದುಕೊಂಡದ್ದು ಕಂಪ್ಯೂಟರ್ ಅಲ್ಲ, ಸ್ವಿಚ್ಚು. ಮೊದಲು ತಂದದ್ದು ಒತ್ತಿದರೆ ಹಾಗೇ ಕಚ್ಚಿಕೊಳ್ಳುವ ಬಗೆಯದು. ಎರಡು ಸಲ ಒತ್ತಿದರೆ ಒಂದು ಸಲ ಕೆಲಸ. ಬಿಟ್ಟ ಕೂಡಲೇ ಮೇಲೆ ಬರುವಂಥದ್ದನ್ನು ಹಾಕಿದೆ. ಆಗ ಒಂದೇ ಒತ್ತಿಗೆ ಪ್ಯಾಚ್ ಮೂರು ಹೆಜ್ಜೆ ಜಿಗಿಯಿತು! ಒಳಗಿನ ಲೋಹದ ತುಂಡುಗಳು ಕೂಡುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. ನಮಗೆ ಕಾಣುವುದಿಲ್ಲ, ಪೈಗೆ ಕಾಣುತ್ತದೆ. ಪುಟಿತ ನಿಲ್ಲಲಿ ಅಂತ ಕಾದು ಕಳಿಸಿದರೆ ತಾಳಕ್ಕೆ ತಡ. ಹಾಗಾಗಿ ಮೊದಲ ತಾಗುವಿಕೆಗೇ ಸಂದೇಶ ಕಳಿಸಿ, ಆಮೇಲೆ 30 ಮಿಲಿಸೆಕೆಂಡ್ ಕಿವುಡಾಗು ಅಂತ ಬರೆದೆ. ಬಿಡುವಾಗಲೂ ಹಾಗೆಯೇ, ಕೈ ಎತ್ತುವಾಗಲೂ ಲೋಹ ಪುಟಿಯುತ್ತದೆ. ಅಲ್ಲ, ಕಾಲು ಎತ್ತುವಾಗ.

ಪೈ ಇಟ್ಟುಕೊಂಡ ತಪ್ಪಿಗೆ ದಂಡವೂ ಇದೆ. ಆನ್ ಮಾಡಿದರೆ ಬೂಟ್ ಆಗುವ ತನಕ ಕಾಯಬೇಕು. ಶಟ್‌ಡೌನ್ ಮಾಡದೆ ಪ್ಲಗ್ ಕಿತ್ತು ಕಿತ್ತು, ಲಿನಕ್ಸ್ ಇದ್ದ ಒಂದು ಎಸ್‌ಡಿ ಕಾರ್ಡ್ ಕೆಡಿಸಿಕೊಂಡೆ. ಈಗ ಕಾರ್ಡಿನಿಂದ ಓದುವುದಷ್ಟೇ, ಬರೆಯುವುದಿಲ್ಲ ಅನ್ನುವ ಹಾಗೆ ಸೆಟ್ ಮಾಡಿದ್ದೇನೆ. ಸ್ವಿಚ್ಚು ಜೋಡಿಸುವ ಪೈಯ ಪಿನ್ನುಗಳು 3.3 ವೋಲ್ಟಿನವು, 5 ಕೊಟ್ಟರೆ ಸುಡಬಹುದು. ಇನ್ನು ವಾಲ್ಯೂಮ್ ಪೆಡಲ್ ಸೇರಿಸೋಣ ಅಂದರೆ ಪೈಗೆ ಏರಿಳಿಯುವ ವೋಲ್ಟೇಜ್ ಅಳೆಯುವ ಅನಲಾಗ್ ಇನ್‌ಪುಟ್ಟೇ ಇಲ್ಲ, ಬೇರೆ ಚಿಪ್ ಬೇಕು. ತಂದಿಟ್ಟಿದ್ದೇನೆ, ಬೆಸುಗೆ ಹಾಕಿಲ್ಲ. ಸದ್ಯಕ್ಕೆ ವಾಲ್ಯೂಮ್ ಕೈಯಲ್ಲೇ.